ಕರಾವಳಿ ಟ್ರೈಲ್‌ನಲ್ಲಿ ಓಡೋದು: ಬೆಟ್ಟಕ್ಕಿಂತ ಕಷ್ಟ, ಬೆಟ್ಟಕ್ಕಿಂತ ಇಷ್ಟ

ಸಮುದ್ರದ ಪಕ್ಕದ ಟ್ರೈಲ್‌ಗೆ, ಅಂದ್ರೆ ಕಾಲುದಾರಿಗೆ, ಓಡೋಕೆ ಹೋಗ್ತಿದೀನಿ ಅಂದ್ರೆ ಸಾಕು, ರನ್ನಿಂಗ್ ಮಾಡೋ ಗೆಳೆಯರೇ "ಓ ಹಾಗಾದ್ರೆ ಆರಾಮ್ ಬಿಡು, ಬೆಟ್ಟ ಗಿಟ್ಟ ಏನಿಲ್ವಲ್ಲ" ಅಂತಾರೆ. ಅವರ ತಲೇಲಿ ಇರೋದು ಉದ್ದಕ್ಕೆ ಚಾಚಿಕೊಂಡಿರೋ ಬೀಚು, ತಂಪು ಗಾಳಿ, ಬರಿಗಾಲು. ನಂಗೆ ಆ ಮಾತು ಕೇಳಿದಾಗೆಲ್ಲ ಅವರನ್ನ ಕೂರಿಸಿಕೊಂಡು ಪೂರ್ತಿ ಹೇಳ್ಬೇಕು ಅನ್ಸತ್ತೆ, ಯಾಕಂದ್ರೆ ನಾನು ಓಡಿರೋ ಜಾಗಗಳಲ್ಲಿ ಕ್ಲಿಫ್ (ಸಮುದ್ರದ ಅಂಚಿನ ಕಡಿದಾದ ಬಂಡೆಗೋಡೆ) ಮತ್ತೆ ಬೀಚ್ ಎರಡೂ ಸೇರಿರೋ ಟ್ರೈಲ್‌ನಷ್ಟು ಕಾಲನ್ನೂ ತಲೆಯನ್ನೂ ಒಟ್ಟಿಗೆ ಕೆಲಸಕ್ಕೆ ಹಚ್ಚೋದು ಬೇರೆ ಯಾವುದೂ ಇಲ್ಲ.

ಮೊದಲು ಈ ದಾರಿ ಸಮತಟ್ಟು ಅನ್ನೋ ವಿಷಯ ಮುಗಿಸಿಬಿಡೋಣ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಗೊತ್ತಿರ್ಬಹುದು, ಮೈನ್‌ಹೆಡ್‌ನಿಂದ ಪೂಲ್ ಹಾರ್ಬರ್‌ವರೆಗೆ ಸುಮಾರು 1,014 ಕಿಲೋಮೀಟರ್. ಅದರಲ್ಲಿ ಅತಿ ಎತ್ತರದ ಜಾಗ ಗ್ರೇಟ್ ಹ್ಯಾಂಗ್‌ಮನ್ ಅನ್ನೋ ಗುಡ್ಡ, ಅದೂ ಬರೀ 318 ಮೀಟರ್. ಆದ್ರೆ ಇಡೀ ದಾರಿಯ ಏರುಗಳನ್ನ ಕೂಡಿಸಿದ್ರೆ 35,000 ಮೀಟರ್ ಆಗತ್ತೆ, ಅಂದ್ರೆ ಎವರೆಸ್ಟ್ ಎತ್ತರದ ಹತ್ತಿರತ್ತಿರ ನಾಲ್ಕು ಪಟ್ಟು. ಸರಾಸರಿ ತೆಗೆದ್ರೆ ಪ್ರತಿ 30 ಕಿಲೋಮೀಟರಿಗೆ 1,000 ಮೀಟರ್ ಏರು. ಎತ್ತರದ ಶಿಖರ ಒಂದೂ ಇಲ್ಲದೆ ಇಷ್ಟು ಏರು ಎಲ್ಲಿಂದ ಬಂತು ಅಂದ್ರೆ, ಒಳಗಿಂದ ಹರಿದು ಬರೋ ಪ್ರತಿ ಸಣ್ಣ ತೊರೆಯೂ ಕ್ಲಿಫ್ ಸೀಳಿಕೊಂಡು ಸಮುದ್ರ ಸೇರತ್ತೆ, ಆ ಸೀಳಿಗೆ ನೀವು ಇಳೀಬೇಕು, ನೀರಿನ ಮಟ್ಟ ಮುಟ್ಬೇಕು, ಮತ್ತೆ ಆ ಕಡೆ ದಿಬ್ಬ ಹತ್ತಬೇಕು, ಹತ್ತಿ ಉಸಿರು ತಗೊಳ್ಳೋ ಅಷ್ಟರಲ್ಲಿ ಮುಂದಿನ ತೊರೆ. ಆ ದಾರಿ ಹುಟ್ಟಿದ ರೀತಿಯೂ ಇದಕ್ಕೆ ಕಾರಣ, ಕಳ್ಳಸಾಗಣೆ ಹಿಡಿಯೋಕೆ ಕೋಸ್ಟ್‌ಗಾರ್ಡ್‌ನವರು ಗಸ್ತು ತಿರುಗ್ತಿದ್ದ ಕಾಲುದಾರಿ ಅದು, ಪ್ರತಿ ಸಣ್ಣ ಕೊಲ್ಲಿಯೊಳಗೂ ಇಣುಕಿ ನೋಡ್ಬೇಕಿತ್ತು ಅವರು, ಹಾಗಾಗಿ ದಾರಿ ಎಲ್ಲೂ ಶಾರ್ಟ್‌ಕಟ್ ತಗೊಳ್ಳಲ್ಲ, ಅಂಚನ್ನ ಬಿಡಲ್ಲ.

ಬೆಟ್ಟದ ಓಟದಲ್ಲಿ ಒಂದು ದೊಡ್ಡ ಏರು ಇರತ್ತೆ, ಅದಕ್ಕೊಂದು ಲಯ ಸಿಗತ್ತೆ, ಒಂದೂವರೆ ಗಂಟೆ ಒಂದೇ ಉಸಿರಾಟದಲ್ಲಿ ಹತ್ತಿ ಆಮೇಲೆ ಇಳೀಬಹುದು. ಇಲ್ಲಿ ಆ ಲಯ ಸಿಗೋದೇ ಇಲ್ಲ. 80 ಮೀಟರ್ ಏರು, 80 ಮೀಟರ್ ಇಳಿತ, ಒಂಚೂರು ಮರಳು, ಮತ್ತೆ ಏರು. ಇಳಿಯುವಾಗ ತೊಡೆಯ ಸ್ನಾಯು ಉದ್ದ ಆಗ್ತಾನೇ ಬ್ರೇಕ್ ಹಾಕ್ತಿರತ್ತೆ, ಮಾರನೇ ದಿನದ ಆ ನೋವು ಬರೋದು ಹೆಚ್ಚಾಗಿ ಇದರಿಂದಲೇ. ಈ ಸಣ್ಣ ಸಣ್ಣ ಇಳಿತಗಳು ಕಣ್ಣಿಗೆ ಲೆಕ್ಕಕ್ಕೇ ಬರಲ್ಲ, ಆದ್ರೆ ತೊಡೆ ಒಂದನ್ನೂ ಬಿಡದೆ ಲೆಕ್ಕ ಇಟ್ಟಿರತ್ತೆ. ಹಾಗಾಗಿ ಕಡಿದಾದ ಏರಲ್ಲಿ ನಾನು ಸಂಕೋಚ ಇಲ್ಲದೆ ನಡೀತೀನಿ, ಕೈಯನ್ನ ಮಂಡಿ ಮೇಲೆ ಒತ್ತಿ, ಚಿಕ್ಕ ಹೆಜ್ಜೆ ಇಟ್ಟು. ಎಲ್ಲಾ ಏರನ್ನೂ ಓಡಿಯೇ ತೀರ್ತೀನಿ ಅಂತ ಹೊರಟವರು ಅರ್ಧ ದಾರಿ ಆದ್ಮೇಲೆ ಇಳಿತದಲ್ಲೂ ನಡೀಬೇಕಾಗತ್ತೆ, ಅದು ನಂಗೆ ದುಃಖದ ವಿಷಯ, ಯಾಕಂದ್ರೆ ಕ್ಲಿಫ್ ಮೇಲಿಂದ ಕೊಲ್ಲಿ ಕಡೆಗೆ ಸುತ್ತಿ ಸುತ್ತಿ ಇಳಿಯೋ ಆ ಕಾಲುದಾರಿ ಇಡೀ ಟ್ರೈಲ್‌ನಲ್ಲೇ ಅತಿ ಚಂದದ ಭಾಗ.

ಆದ್ರೆ ಇದಿಷ್ಟೇ ಆಗಿದ್ರೆ ನಾನು ಇದನ್ನ ಬೆಟ್ಟಕ್ಕಿಂತ ಕಷ್ಟ ಅಂತಿರಲಿಲ್ಲ. ನಿಜವಾದ ವ್ಯತ್ಯಾಸ ಇರೋದು ಇಲ್ಲಿ: ಬೆಟ್ಟದಲ್ಲಿ ನೀವು ನಿಧಾನ ಆದ್ರೆ ತಡವಾಗಿ ತಲುಪ್ತೀರಿ ಅಷ್ಟೇ, ದಾರಿ ಅಲ್ಲೇ ಇರತ್ತೆ. ಕರಾವಳೀಲಿ ತಡವಾಗಿ ಹೋದ್ರೆ ದಾರಿಯೇ ಇರಲ್ಲ. ಬೆಳಗ್ಗೆ 9 ಗಂಟೆಗೆ ಅಗಲವಾದ ಬೀಚ್ ಇದ್ದ ಜಾಗದಲ್ಲಿ ಮಧ್ಯಾಹ್ನ ಅಲೆ ನೇರವಾಗಿ ಕ್ಲಿಫ್‌ಗೆ ಬಡೀತಿರತ್ತೆ. ಹೀಗಾಗಿ ಇಲ್ಲಿ ಎರಡು ವಿರುದ್ಧ ವಿಷಯಗಳು ಒಟ್ಟಿಗೆ ಬರತ್ವೆ. ಏರು, ಮರಳು, ಬಂಡೆ, ಗಾಳಿ ಸೇರಿ ನಿಮ್ಮ ಪೇಸ್, ಅಂದ್ರೆ ಓಟದ ವೇಗ, ನಿಮ್ಮ ಕೈಲಿ ಇಲ್ಲದ ಹಾಗೆ ಮಾಡತ್ವೆ, ಆದ್ರೂ ಒಂದೋ ಎರಡೋ ಜಾಗಕ್ಕೆ ನೀವು ಸರಿಯಾದ ಹೊತ್ತಿಗೆ ತಲುಪಲೇಬೇಕು. ನನ್ನ ಪ್ರಕಾರ ಕರಾವಳಿ ಓಟದ ಕಷ್ಟವೂ ಇದೇ, ಮಜವೂ ಇದೇ.

ದಕ್ಷಿಣ ಆಫ್ರಿಕಾದ ಆಟರ್ ಟ್ರೈಲ್ ಇದಕ್ಕೆ ಒಳ್ಳೇ ಉದಾಹರಣೆ. ಸ್ಟಾರ್ಮ್ಸ್ ರಿವರ್ ಮೌತ್‌ನಿಂದ ನೇಚರ್ಸ್ ವ್ಯಾಲಿವರೆಗೆ, ಒಂದು ಮ್ಯಾರಥಾನ್ ಆಸುಪಾಸಿನ ದೂರ, ಹೈಕಿಂಗ್ ಮಾಡೋರು 5 ದಿನ ತಗೊಳ್ತಾರೆ, ಅದೇ ದಾರೀಲಿ ಒಂದೇ ದಿನಕ್ಕೆ ಓಡಿ ಮುಗಿಸೋ ರೇಸೂ ಇದೆ. ಮಧ್ಯೆ ಬ್ಲೌಕ್ರಾನ್ಸ್ ಅನ್ನೋ ನದಿ ಸಮುದ್ರ ಸೇರೋ ಜಾಗ ದಾಟ್ಬೇಕು, ಅಲ್ಲಿ ಸೇತುವೆ ಇಲ್ಲ, ನೀರು ಇಳಿದಾಗ ದಾಟೋದು ಒಂದು ಕಥೆ, ಉಬ್ಬರದಲ್ಲಿ ಈಜೋದು ಇನ್ನೊಂದು ಕಥೆ. ಕ್ಯಾಲಿಫೋರ್ನಿಯಾದ ಲಾಸ್ಟ್ ಕೋಸ್ಟ್ ಟ್ರೈಲೂ ಹಾಗೇ. ಅಲ್ಲಿನ ನೆಲ ಎಷ್ಟು ಕಡಿದು ಅಂದ್ರೆ ಕರಾವಳಿ ಉದ್ದಕ್ಕೂ ಬರೋ ಹೆದ್ದಾರಿಯೇ ಆ ಭಾಗ ಬಿಟ್ಟು ಒಳಗಿಂದ ಹೋಗತ್ತೆ. ಕಾಲುದಾರಿ ಮಾತ್ರ ಕಪ್ಪು ಮರಳಿನ ಮೇಲೆ ಹೋಗತ್ತೆ, ಅದರಲ್ಲೂ ಸುಮಾರು 6 ಕಿಲೋಮೀಟರ್ ಉದ್ದದ ತುಂಡುಗಳು ಉಬ್ಬರದ ಹೊತ್ತಲ್ಲಿ ದಾಟೋಕೇ ಆಗಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹತ್ತೋಕಾಗದ ಗೋಡೆ, ಆ ತುಂಡಿನೊಳಗೆ ಹೊಕ್ಕ ಮೇಲೆ ಆ ಕಡೆ ಹೊರಗೆ ಬರಲೇಬೇಕು.

ಅದಕ್ಕೇ ನಾನು ಪ್ಲಾನ್ ಮಾಡೋದು ಹಿಂದಿನಿಂದ. ಬೆಳಗ್ಗೆ ಎಷ್ಟು ಹೊತ್ತಿಗೆ ಶುರು ಮಾಡೋಣ ಅಂತಲ್ಲ, ಆ ಇಕ್ಕಟ್ಟಾದ ಜಾಗದಲ್ಲಿ ಸಮುದ್ರದ ಇಳಿತ ಎಷ್ಟು ಹೊತ್ತಿಗೆ ಅಂತ ಮೊದಲು ನೋಡ್ತೀನಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ತೀನಿ. ಉಬ್ಬರದಿಂದ ಇಳಿತಕ್ಕೆ ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 6 ಗಂಟೆ 12 ನಿಮಿಷ, ಹಾಗಾಗಿ ದಿನಾ ಹೊತ್ತು 50 ನಿಮಿಷದಷ್ಟು ಮುಂದಕ್ಕೆ ಹೋಗ್ತಿರತ್ತೆ, ಹೋದ ವಾರ ಸರಿ ಇದ್ದ ಟೈಮಿಂಗ್ ಈ ವಾರಕ್ಕೆ ಆಗಲ್ಲ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಸೂರ್ಯ ಚಂದ್ರ ಭೂಮಿ ಒಂದೇ ಸಾಲಿಗೆ ಬರೋದ್ರಿಂದ ಉಬ್ಬರ ಜಾಸ್ತಿ ಏರತ್ತೆ, ಇಳಿತ ಜಾಸ್ತಿ ಇಳಿಯತ್ತೆ. ಅಷ್ಟಮಿ ಹತ್ತಿರ ಎರಡೂ ಕಮ್ಮಿ. ಓಡೋರಿಗೆ ಇದರಲ್ಲಿ ಒಂದು ಸೂಕ್ಷ್ಮ ಇದೆ, ಹುಣ್ಣಿಮೆ ದಿನದ ಇಳಿತದಲ್ಲಿ ಬೀಚ್ ಅದ್ಭುತವಾಗಿ ಅಗಲ ಆಗತ್ತೆ, ಗಟ್ಟಿ ಮರಳು ಸಿಗತ್ತೆ, ಆದ್ರೆ ಅದೇ ದಿನ ನೀರು ವಾಪಸ್ ಬರೋದೂ ಜೋರು.

ನೀರು ಒಂದೇ ವೇಗದಲ್ಲಿ ಏರಲ್ಲ ಅನ್ನೋದು ತುಂಬಾ ಜನಕ್ಕೆ ಗೊತ್ತಿರಲ್ಲ. ನಾವಿಕರು ಬಳಸೋ ಹನ್ನೆರಡರ ಲೆಕ್ಕ ಅಂತ ಒಂದಿದೆ, ಒಟ್ಟು ಏರೋ ನೀರನ್ನ 12 ಭಾಗ ಮಾಡಿದ್ರೆ ಮೊದಲ ಗಂಟೆ 1 ಭಾಗ, ಎರಡನೇದು 2, ಮೂರನೇದು 3, ನಾಲ್ಕನೇದು 3, ಆಮೇಲೆ 2, ಕೊನೆಗೆ 1. ಉಬ್ಬರ ಇಳಿತದ ವ್ಯತ್ಯಾಸ 3.6 ಮೀಟರ್ ಇದೆ ಅಂದ್ಕೊಳ್ಳಿ, ಮೊದಲ ಗಂಟೆ ನೀರು ಬರೀ 30 ಸೆಂಟಿಮೀಟರ್ ಏರತ್ತೆ, ಏನೂ ಆಗಿಲ್ಲ ಅನ್ಸತ್ತೆ, ಮೂರನೇ ಗಂಟೇಲಿ 90 ಸೆಂಟಿಮೀಟರ್. 50 ಮೀಟರಿಗೆ 1 ಮೀಟರ್ ಇಳಿಜಾರಿರೋ ಬೀಚಲ್ಲಿ ಆ ಒಂದೇ ಗಂಟೇಲಿ 45 ಮೀಟರ್ ಅಗಲದ ಮರಳು ಹೋಗಿಬಿಡತ್ತೆ. ಇದು ಅಂದಾಜು ಲೆಕ್ಕ, ಎಲ್ಲಾ ಕಡೆ ಸರಿಯಾಗಿ ಹೊಂದಲ್ಲ, ಆ ಜಾಗದ ಟೈಡ್ ಟೇಬಲ್‌ಗೆ (ಉಬ್ಬರ ಇಳಿತದ ವೇಳಾಪಟ್ಟಿಗೆ) ಬದಲಿ ಅಲ್ಲ. ಗಾಳಿ ಜೋರಿದ್ರೆ, ಎಲ್ಲೋ ದೂರದಲ್ಲಿ ಎದ್ದ ಅಲೆ ಬಂದು ಸೇರಿದ್ರೆ ಟೇಬಲ್‌ಗಿಂತಲೂ ಮೇಲೆ ನೀರು ಬರತ್ತೆ. ನಾನು ಇಕ್ಕಟ್ಟಿನ ಜಾಗ ದಾಟೋದನ್ನ ನೀರು ಇನ್ನೂ ಇಳೀತಿರುವಾಗಲೇ ಮಾಡೋಕೆ ಇಷ್ಟಪಡ್ತೀನಿ, ಇಳಿತದ ಗಂಟೆಗಿಂತ ಸ್ವಲ್ಪ ಮೊದಲೇ, ಆಗ ತಡ ಆದ್ರೂ ಕೈಲಿ ಹೊತ್ತಿರತ್ತೆ.

ಇದರ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಒಂದ್ಸಲ ಜೊತೆಗಿದ್ದ ಗೆಳೆಯ ಬಂಡೆ ಮೂಲೇಲಿ ನಿಂತು "ಇನ್ನೊಂದ್ ಹತ್ ನಿಮಿಷ ನೋಡಣ ಕಣೋ, ಅಲೆ ಅಲೆ ಮಧ್ಯೆ ಗ್ಯಾಪ್ ಸಿಗತ್ತೆ, ಓಡಿಬಿಡಣ" ಅಂದ. "ಬೇಡ ಕಣೋ, ನೀರು ಏರೋ ಹೊತ್ತು, ಹತ್ ನಿಮಿಷ ಬಿಟ್ರೆ ಇರೋ ಗ್ಯಾಪೂ ಹೋಗತ್ತೆ, ಮೇಲಿಂದ ಹೋಗಣ ಬಾ" ಅಂದೆ. ಮೇಲಿನ ದಾರಿ ಅಂದ್ರೆ ಮುಳ್ಳು ಪೊದೆ, ಸುತ್ತಿ ಬಳಸಿ, ಮುಕ್ಕಾಲು ಗಂಟೆ ಜಾಸ್ತಿ. ಹೋದ್ವಿ. ಅರ್ಧ ದಾರೀಲಿ ಕೆಳಗೆ ನೋಡಿದ್ರೆ ನಾವು ನಿಂತಿದ್ದ ಮೂಲೆ ಕಾಣಿಸ್ತಾ ಇರಲಿಲ್ಲ, ಬರೀ ನೊರೆ. ಇಬ್ರೂ ಏನೂ ಮಾತಾಡದೆ ಮುಂದಕ್ಕೆ ಓಡಿದ್ವಿ.

ಈಗ ಮರಳಿಗೆ ಬರೋಣ. ಮೆತ್ತನೆ ಮರಳಲ್ಲಿ ಓಡೋದು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ತಿನ್ನತ್ತೆ ಅಂತ ಬೆಲ್ಜಿಯಂನಲ್ಲಿ ಅಳೆದು 1998ರಲ್ಲಿ ಪ್ರಕಟಿಸಿದ್ದಾರೆ, ನಡಿಗೆಗೆ ಅದು 2.1ರಿಂದ 2.7 ಪಟ್ಟು. ಕಾರಣ ಯೋಚಿಸಿದ್ರೆ ಅರ್ಥ ಆಗತ್ತೆ, ಪ್ರತಿ ಹೆಜ್ಜೇಲೂ ಕಾಲು ಮರಳನ್ನ ಹಿಂದಕ್ಕೆ ತಳ್ಳತ್ತೆ, ನಿಮ್ಮನ್ನ ಮುಂದಕ್ಕೆ ತಳ್ಳಬೇಕಿದ್ದ ಶಕ್ತಿ ಮರಳು ಜರುಗಿಸೋದಕ್ಕೇ ಹೋಗತ್ತೆ, ಜೊತೆಗೆ ಗಟ್ಟಿ ನೆಲದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಸ್ಪ್ರಿಂಗ್ ಥರ ವಾಪಸ್ ಕೊಡ್ತಿದ್ದ ಬಲ ಇಲ್ಲಿ ಅಷ್ಟಾಗಿ ಸಿಗಲ್ಲ. ಹಾಗಾಗಿ ಇಲ್ಲಿ ವಾಚ್ ತೋರಿಸೋ ಪೇಸ್‌ಗೆ ಬೆಲೆ ಕೊಡ್ಬೇಡಿ, ಉಸಿರಾಟ ಕೇಳಿಸ್ಕೊಳ್ಳಿ. ಗಟ್ಟಿ ದಾರೀಲಿ ಎಷ್ಟು ಉಸಿರು ಬರ್ತಿತ್ತೋ ಅಷ್ಟೇ ಉಸಿರಲ್ಲಿ ಮರಳಲ್ಲೂ ಓಡಿ, ಪೇಸ್ ಎಷ್ಟಾದ್ರೂ ಬೀಳಲಿ. ಹೆಜ್ಜೆ ಚಿಕ್ಕದು ಮಾಡಿ, ಪಾದ ಪೂರ್ತಿ ಊರಿ, ಬೆರಳಿಂದ ಅಗೆಯೋ ಥರ ತಳ್ಳಬೇಡಿ, ಹಾಗೆ ತಳ್ಳಿದ್ರೆ ಮೀನಖಂಡ ಬೇಗ ಸೋಲತ್ತೆ.

ಎಲ್ಲಾ ಮರಳೂ ಒಂದೇ ಅಲ್ಲ ಅನ್ನೋದು ನಂಗೆ ಈ ಓಟದಲ್ಲಿ ಅತಿ ಇಷ್ಟದ ವಿಷಯ. ಮೇಲಿನ ಒಣ ಮರಳು ಅತಿ ಕೆಟ್ಟದ್ದು, ಕಾಳುಗಳ ಮಧ್ಯೆ ಹಿಡಿತವೇ ಇಲ್ಲ. ಅಲೆ ಆಗಷ್ಟೇ ಬಂದು ಹೋದ ಜಾಗದಲ್ಲಿ ನೀರು ಜಾಸ್ತಿಯಾಗಿ ಕೆಲವು ಬೀಚಲ್ಲಿ ಕಾಲು ಕುಸಿಯತ್ತೆ. ಇವೆರಡರ ಮಧ್ಯೆ ಒಂದು ಪಟ್ಟಿ ಇರತ್ತೆ, ಒದ್ದೆ ಆದ್ರೆ ನೀರು ನಿಂತಿಲ್ಲ, ಅಲ್ಲಿ ಕಾಳು ಕಾಳಿನ ಮಧ್ಯೆ ಇರೋ ಸ್ವಲ್ಪ ನೀರೇ ಅಂಟಿನ ಹಾಗೆ ಹಿಡಿದಿಟ್ಟಿರತ್ತೆ. ಆ ಪಟ್ಟಿ ಹುಡುಕಿ ಅದರ ಮೇಲೆ ಓಡೋದು ಒಂದು ಕಲೆ, ಅದು ನೀರಿನ ಜೊತೆ ಮೇಲೆ ಕೆಳಗೆ ಸರೀತಾ ಇರತ್ತೆ. ಒದ್ದೆ ಮರಳಲ್ಲಿ ಕಾಲಿಟ್ಟ ತಕ್ಷಣ ಪಾದದ ಸುತ್ತ ಮರಳು ಒಣಗಿದ ಹಾಗೆ ಬೆಳ್ಳಗಾಗೋದು ನೋಡಿರ್ತೀರಿ. ಓಸ್ಬೋರ್ನ್ ರೆನಾಲ್ಡ್ಸ್ ಅನ್ನೋ ವಿಜ್ಞಾನಿ 1885ರಲ್ಲೇ ಇದನ್ನ ವಿವರಿಸಿದ್ದ, ಒತ್ತಿ ಕೂತಿರೋ ಕಾಳುಗಳು ಭಾರ ಬಿದ್ದಾಗ ಒಂದರ ಮೇಲೊಂದು ಜರುಗಿ ಮಧ್ಯದ ಜಾಗ ಹಿಗ್ಗತ್ತೆ, ಮೇಲಿನ ನೀರು ಒಳಗೆ ಇಳಿಯತ್ತೆ. ಓಡೋರಿಗೆ ಇದರ ಅರ್ಥ ಸರಳ, ಕಾಲ ಸುತ್ತ ಬೆಳ್ಳಗಾಗ್ತಿದ್ರೆ ಮರಳು ಬಿಗಿಯಾಗಿದೆ, ಆ ಗೆರೆ ಬಿಡ್ಬೇಡಿ.

ಇಳಿಜಾರಿನ ಬೀಚಲ್ಲಿ ಒಂದೇ ದಿಕ್ಕಿಗೆ ಕಿಲೋಮೀಟರ್‌ಗಟ್ಟಲೆ ಓಡಿದ್ರೆ ಸಮುದ್ರದ ಕಡೆಯ ಕಾಲು ಯಾವಾಗ್ಲೂ ಕೆಳಗೆ, ಸೊಂಟ ವಾಲಿಕೊಂಡೇ ಇರತ್ತೆ, ಮಂಡಿಯ ಹೊರಭಾಗ ನೋವು ಶುರುವಾಗೋದು ಹೀಗೆ. ಇಳಿತದ ಹೊತ್ತಲ್ಲಿ ಬೀಚಿನ ಕೆಳಭಾಗ ಸಾಮಾನ್ಯವಾಗಿ ಹೆಚ್ಚು ಸಮತಟ್ಟು, ಟೈಡ್ ನೋಡ್ಕೊಂಡು ಹೋಗೋದಕ್ಕೆ ಇದೂ ಒಂದು ಕಾರಣ.

ಬಂಡೆ ಭಾಗ ಅಂದ್ರೆ ಓಟ ಅಲ್ಲ, ಅದನ್ನ ಒಪ್ಪಿಕೊಳ್ಳೋದು ಒಳ್ಳೇದು. ಹಸಿರು ಪಾಚಿ ಹಿಡಿದ ಬಂಡೆ, ನೀರಿನ ಗೆರೆ ಹತ್ತಿರದ ಕಪ್ಪು ಪದರ ಇರೋ ಬಂಡೆ, ಎರಡೂ ಒದ್ದೆಯಾಗಿದ್ರೆ ಯಾವ ಶೂ ಕೂಡ ಹಿಡಿಯಲ್ಲ, ಎಷ್ಟೇ ದುಡ್ಡಿನದಾಗಿರಲಿ. ಸಣ್ಣ ಬಿಳಿ ಚಿಪ್ಪುಗಳು ಒತ್ತೊತ್ತಾಗಿ ಅಂಟಿಕೊಂಡಿರೋ ಬಂಡೆ ಒರಟಾಗಿರತ್ತೆ, ಹಿಡಿತ ಸಿಗತ್ತೆ, ಆದ್ರೆ ಬಿದ್ರೆ ಚರ್ಮ ಕಿತ್ತು ಬರತ್ತೆ. ನಾನು ಇಲ್ಲಿ ಮೂರು ಕಡೆ ಆಧಾರ ಇಟ್ಕೊಂಡೇ ಹೋಗ್ತೀನಿ, ಎರಡು ಕಾಲು ಒಂದು ಕೈ, ಇಲ್ಲಾ ಎರಡು ಕೈ ಒಂದು ಕಾಲು. ಮತ್ತೆ ಸಮುದ್ರಕ್ಕೆ ಬೆನ್ನು ತಿರುಗಿಸಲ್ಲ. ಅಲೆಗಳು ಗುಂಪು ಗುಂಪಾಗಿ ಬರತ್ವೆ, ತುಂಬಾ ಹೊತ್ತು ಶಾಂತವಾಗಿದ್ದು ಆಮೇಲೆ ಒಂದಷ್ಟು ದೊಡ್ಡವು ಸಾಲಾಗಿ ಬರಬಹುದು, ಹಾಗಾಗಿ ಇಳಿಯೋ ಮುಂಚೆ ಮೇಲೆ ನಿಂತು ಸುಮಾರು ಹೊತ್ತು ನೋಡ್ಬೇಕು. ಬಂಡೆ ಎಲ್ಲಿವರೆಗೆ ಒದ್ದೆ ಇದೆ ಅನ್ನೋದು ಅಲೆ ಎಲ್ಲಿವರೆಗೆ ಬಂದಿತ್ತು ಅನ್ನೋದನ್ನ ಹೇಳತ್ತೆ.

ಕ್ಲಿಫ್ ಅಂಚಿನ ಬಗ್ಗೆ ಒಂದೇ ಮಾತು, ಮೇಲಿಂದ ನೋಡಿದಾಗ ಕಾಲ ಕೆಳಗೆ ಏನಿದೆ ಅಂತ ಗೊತ್ತಾಗಲ್ಲ. ಅಲೆ ಬುಡವನ್ನ ಕೊರೀತಾ ಹೋಗತ್ತೆ, ಮೇಲಿನ ಭಾಗ ಹುಲ್ಲು ಹೊದ್ದುಕೊಂಡು ಗಾಳೀಲಿ ನಿಂತಿರತ್ತೆ. ಇಂಗ್ಲೆಂಡಿನ ಸೆವೆನ್ ಸಿಸ್ಟರ್ಸ್ ಸುಣ್ಣಕಲ್ಲಿನ ಕ್ಲಿಫ್‌ಗಳು ಹಾಗೇ, ಮುನ್ಸೂಚನೆ ಇಲ್ಲದೆ ಕುಸೀತಾನೇ ಇರತ್ವೆ. ನಾನು ಅಂಚಿನಿಂದ ಕನಿಷ್ಠ 5 ಮೀಟರ್ ದೂರ ಇರ್ತೀನಿ, ಫೋಟೋಗೂ ಹತ್ತಿರ ಹೋಗಲ್ಲ, ನೋಟ ನೋಡ್ಬೇಕು ಅಂದ್ರೆ ಪೂರ್ತಿ ನಿಂತು ನೋಡ್ತೀನಿ, ಓಡ್ತಾ ನೋಡಲ್ಲ. ದಾರಿ ಮುಚ್ಚಿ ಬೋರ್ಡ್ ಹಾಕಿ ಒಳಗಿಂದ ಸುತ್ತಿಸಿದ್ರೆ ಮರುಮಾತಿಲ್ಲದೆ ಸುತ್ತಿ ಹೋಗಿ. ಕೆಳಗಿನ ಬೀಚಲ್ಲೂ ಬುಡಕ್ಕೆ ಅಂಟಿಕೊಂಡು ಓಡ್ಬೇಡಿ, ಹೊಸದಾಗಿ ಬಿದ್ದ ಚೂಪು ಕಲ್ಲುಗಳು ಕಂಡ್ರೆ ಅಲ್ಲಿ ನಿಂತು ತಿನ್ನೋದು ಕುಡಿಯೋದು ಬೇಡವೇ ಬೇಡ.

ಗಾಳಿ ವಿಷಯ. ಬಿಸಿಲೇರಿದ ಹಾಗೆ ನೆಲ ಸಮುದ್ರಕ್ಕಿಂತ ಬೇಗ ಕಾಯತ್ತೆ, ನೆಲದ ಮೇಲಿನ ಗಾಳಿ ಮೇಲೇರತ್ತೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗತ್ತೆ. ಅದಕ್ಕೇ ಬೆಳಗ್ಗೆ ಸುಮ್ಮನಿದ್ದ ದಾರಿ ಮಧ್ಯಾಹ್ನ ಎದುರುಗಾಳಿ ಆಗಿರಬಹುದು. ಆ ಗಾಳಿ ತಂಪು ಅನ್ಸೋದ್ರಿಂದ ಬಿಸಿಲು ಎಷ್ಟು ಸುಡ್ತಿದೆ ಅಂತ ಗೊತ್ತೇ ಆಗಲ್ಲ, ಒಣ ಮರಳು ಅಲ್ಟ್ರಾವಯಲೆಟ್ ಕಿರಣದ ಸುಮಾರು 15 ಶೇಕಡಾ, ಸಮುದ್ರದ ನೊರೆ ಸುಮಾರು 25 ಶೇಕಡಾ ವಾಪಸ್ ಮೇಲಕ್ಕೆ ಎಸೆಯತ್ತೆ, ಟೋಪಿ ಹಾಕಿದ್ರೂ ಗಲ್ಲದ ಕೆಳಗೆ ಸುಡೋದು ಇದಕ್ಕೇ. ಗಾಳಿ ಇಲ್ಲದ ಕೊಲ್ಲಿಯೊಳಗೆ ಇಳಿದಾಗ ಇದರ ಉಲ್ಟಾ, ತೇವ ಜಾಸ್ತಿ, ಬೆವರು ಆರಲ್ಲ, ಮೈ ತಣ್ಣಗಾಗಲ್ಲ, ಅದೇ ಹೃದಯಬಡಿತಕ್ಕೆ ಪೇಸ್ ಇನ್ನೂ ಬೀಳತ್ತೆ. ಸುತ್ತ ಅಷ್ಟು ನೀರಿದ್ರೂ ಕುಡಿಯೋಕೆ ಒಂದು ಹನಿ ಸಿಗದ ದಾರಿ ಇದು, ಹಾಗಾಗಿ ನಾನು ಬೆಟ್ಟಕ್ಕಿಂತ ಜಾಸ್ತಿ ನೀರು ಹೊರ್ತೀನಿ, ಬಾಯಾರಿದಾಗ ಕುಡೀತೀನಿ, ಉಪ್ಪಿನಂಶ ಇರೋದು ಏನಾದ್ರೂ ಜೊತೇಲಿ ತಿಂತೀನಿ, ಸುಮ್ಮನೆ ಬರೀ ನೀರು ಸುರ್ಕೊಳ್ಳಲ್ಲ, ಅದರಿಂದ ರಕ್ತದ ಸೋಡಿಯಂ ಇಳಿದು ಅಪಾಯ ಆಗತ್ತೆ.

ಎಲ್ಲಾ ಸೇರಿಸಿ ಟೈಮ್ ಹೇಗೆ ಅಂದಾಜು ಮಾಡೋದು ಅಂತ ಕೇಳ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ನಡೆಯೋರಿಗೆ ಕೊಟ್ಟ ಸೂತ್ರ ಇನ್ನೂ ಚಾಲ್ತೀಲಿದೆ, ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾನು ಅದನ್ನೇ ಆಧಾರ ಇಟ್ಕೊಂಡು ನನ್ನ ಓಟಕ್ಕೆ ಕಮ್ಮಿ ಮಾಡ್ಕೊಳ್ತೀನಿ, ಆದ್ರೆ ಮೆತ್ತನೆ ಮರಳು ಮತ್ತೆ ಬಂಡೆ ಇರೋ ಭಾಗಕ್ಕೆ ಒಂಚೂರೂ ಕಮ್ಮಿ ಮಾಡಲ್ಲ, ನಡಿಗೆ ಲೆಕ್ಕವೇ ಇರಲಿ. ಇದರ ಮೇಲೆ ಟೈಡ್ ಜಾಗಕ್ಕೆ ಒಂದು ಗಂಟೆ ಮೊದಲೇ ತಲುಪೋ ಹಾಗೆ ಶುರು ಮಾಡೋ ಹೊತ್ತು ಇಡ್ತೀನಿ. ಬೇಗ ತಲುಪಿದ್ರೆ ನಷ್ಟ ಏನಿಲ್ಲ, ಬಂಡೆ ಮೇಲೆ ಕೂತು ಶೂ ಬಿಚ್ಚಿ ಮರಳು ಕೊಡವಿ ಕಾಲ್ಚೀಲ ಬದಲಾಯಿಸ್ಕೊಳ್ಳೋಕೆ ಅದಕ್ಕಿಂತ ಒಳ್ಳೇ ಹೊತ್ತಿಲ್ಲ, ಒದ್ದೆ ಕಾಲ್ಚೀಲ ಜೊತೆಗೆ ಮರಳು ಸೇರಿದ್ರೆ ಗುಳ್ಳೆ ಏಳೋದು ಗ್ಯಾರಂಟಿ.

ಶೂ ಬಗ್ಗೆ ಕೇಳಿದವರಿಗೆ: ನೀರು ಒಳಗೆ ಬರದ ವಾಟರ್‌ಪ್ರೂಫ್ ಶೂ ಇಲ್ಲಿ ಬೇಡ, ಅಲೆ ಮೇಲಿಂದ ಒಳಗೆ ಬಂದ್ರೆ ಹೊರಗೆ ಹೋಗೋಕೆ ದಾರಿ ಇರಲ್ಲ. ನೀರು ಬೇಗ ಬಸಿದು ಹೋಗೋ ತೆಳು ಬಟ್ಟೆಯದ್ದು, ಮಣ್ಣಿನ ಇಳಿಜಾರಿಗೆ ಸಾಕಾಗೋಷ್ಟು ಹಲ್ಲಿರೋ ಸೋಲ್, ಮೇಲೆ ಮರಳು ತಡೆಯೋ ತೆಳ್ಳನೆ ಗೇಟರ್, ಅಂದ್ರೆ ಶೂ ಬಾಯಿ ಮುಚ್ಚೋ ಬಟ್ಟೆ ಪಟ್ಟಿ. ಮೊದಲ ಸಲ ಹೋಗೋರು ದೂರ ಕಮ್ಮಿ ಇಟ್ಕೊಳ್ಳಿ, ಸಮುದ್ರದ ಅಂಚು ಬಿಟ್ಟು ಮೇಲಕ್ಕೆ ಹತ್ತೋ ದಾರಿಗಳು ಎಲ್ಲೆಲ್ಲಿವೆ ಅಂತ ಮ್ಯಾಪಲ್ಲಿ ಗುರುತು ಹಾಕ್ಕೊಳ್ಳಿ, ಕ್ಲಿಫ್ ಕೆಳಗೆ ಫೋನ್ ಸಿಗ್ನಲ್ ಇರಲ್ಲ ಅಂತಲೇ ಅಂದ್ಕೊಂಡು ಯಾರಿಗಾದ್ರೂ ವಾಪಸ್ ಬರೋ ಹೊತ್ತು ಹೇಳಿ ಹೋಗಿ. ಮುಗಿಸಿ ಬಂದ ಮೇಲೆ ಶೂನ ಅದೇ ದಿನ ಸಿಹಿನೀರಲ್ಲಿ ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ, ಉಪ್ಪು ಕೂತ್ರೆ ಬಟ್ಟೆ ಬಿರುಸಾಗತ್ತೆ. ಮುಂದಿನ ಎರಡು ದಿನ ಮೆಟ್ಟಿಲು ಇಳಿಯೋದು ಕಷ್ಟ ಆಗತ್ತೆ, ಆದ್ರೆ ಕೆಲವು ವಾರದೊಳಗೆ ಇನ್ನೊಮ್ಮೆ ಅಂಥದ್ದೇ ಇಳಿಜಾರು ಇರೋ ಓಟ ಮಾಡಿದ್ರೆ ನೋವು ತುಂಬಾ ಕಮ್ಮಿ ಇರತ್ತೆ, ಸ್ನಾಯು ಅಷ್ಟರಲ್ಲಿ ಹೊಂದಿಕೊಂಡಿರತ್ತೆ, ಹಾಗಾಗಿ ಟೈಡ್ ಟೇಬಲ್‌ನಲ್ಲಿ ಮುಂದಿನ ಒಳ್ಳೇ ಬೆಳಗಿನ ಇಳಿತ ಯಾವತ್ತಿದೆ ಅಂತ ಈಗಲೇ ನೋಡಿಟ್ಕೊಳ್ಳಿ.